ಈರುಳ್ಳಿ ಭಾಷೆಯ ದುಭಾಷಿ ಕೋಶಿನ್

ಓಗಾಡೆನ್ ಬಯಲಿನ ಎಲ್-ದೂರೆಯಲ್ಲಿ ಬಾವಿಯ ಪಕ್ಕ ಚಹಾದಂಗಡಿ ಇಟ್ಟಿದ್ದ ಕೋಶಿನ್ ವರ್ಸಮೆಯನ್ನು ಪೂರಾ ಸುಳ್ಳುಗಾರ ಎನ್ನುವಂತಿರಲಿಲ್ಲ. ಅವನು ಹೇಳುವುದರ ತಳದಲ್ಲಿ ಒಂದು ಚಮಚೆಯಷ್ಟು ನಿಜ ಇದ್ದೇ ಇರುತ್ತಿತ್ತು. ಚಹಾಸೊಪ್ಪಿಗೆ ಒಂಟೆಹಾಲು, ಏಲಕ್ಕಿ, ಸಕ್ಕರೆ ಹಾಕಿ ಕುದಿಸುವಂತೆ ಆ ನಿಜವನ್ನೂ ಕುದಿಸಿ, ಎತ್ತರದಿಂದ ಹೊಯ್ದು, ನೊರೆ ಬರಿಸಿ ಗಿರಾಕಿಗಳ ಮುಂದೆ ಇಡುತ್ತಿದ್ದ.

ಹರೆಯದಲ್ಲಿ ಏಡನ್ ಬಂದರಿಗೆ ಹೋಗಿ ವಿದೇಶದ ಸರಕುಹಡಗೊಂದನ್ನು ಹತ್ತಿದ್ದು ನಿಜ. ಎರಡು ವರ್ಷ ಅದರಲ್ಲಿ ಕೆಲಸ ಮಾಡಿದ್ದೂ ನಿಜ. ಅಂಗಡಿಯ ಚಾಪೆಯ ಮೇಲೆ ಕುಳಿತ ಒಂಟೆಗಾಹಿಗಳಿಗೆ ಅವನು ಹೇಳುತ್ತಿದ್ದ ಕಥೆಯಲ್ಲಿ ಮಾತ್ರ ಕಪ್ತಾನ ಇವನನ್ನು ಕೇಳದೆ ಚುಕ್ಕಾಣಿ ತಿರುಗಿಸುತ್ತಿರಲಿಲ್ಲ. ಹದಿನಾರು ಬಂದರುಗಳಲ್ಲಿ ಇವನಿಗೆ ಗೆಳೆಯರಿದ್ದರು. ಆ ಹಡಗಿನವರ ಭಾಷೆಯಂತೂ ನಾಲಿಗೆಯ ಮೇಲೆ ಕುಣಿಯುತ್ತಿತ್ತು. ಅಸಲಿಗೆ ಎರಡು ವರ್ಷವೂ ಅವನು ಹಡಗಿನ ಹೊಟ್ಟೆಯೊಳಗಿನ ಅಡುಗೆಮನೆಯಲ್ಲಿ ಈರುಳ್ಳಿ ಸುಲಿಯುತ್ತಿದ್ದ. ಸಮುದ್ರವನ್ನು ನೋಡಿದ್ದು ಸಿಪ್ಪೆ ಎಸೆಯಲು ಮೇಲೆ ಹೋದಾಗ. ಅಲ್ಲಿನ ಹಿರಿಯ ಬಾಣಸಿಗ ಮಹಾ ಸಿಡುಕ. ಅವನ ಬೈಗುಳ ಕೇಳಿ ಕೇಳಿ ಕೋಶಿನ್‌ಗೆ ಸುಮಾರು ಅರವತ್ತು ಪದ ಬಂದಿದ್ದವು: ಈರುಳ್ಳಿ, ಉಪ್ಪು, ಪಾತ್ರೆ, ಮುಚ್ಚಳ, ಬೆಂಕಿ, ಕುದಿಸು, ಕಲಕು, ಮುಟ್ಟಬೇಡ, ಬೇಗ, ಸೀದುಹೋಯಿತು, ಮೂರ್ಖ. 'ಮೂರ್ಖ' ಎನ್ನಲು ಮಾತ್ರ ಐದು ಬೇರೆ ಬೇರೆ ಪದ ಗೊತ್ತಿದ್ದವು.

ಅದು ಯಾವ ದೇಶದ ಹಡಗು ಎಂದು ಇಲ್ಲಿ ಹೇಳುವುದಿಲ್ಲ. ಆ ದೇಶ ಮುಂದೆ ನಮ್ಮ ಕಡೆ ಮಾಡಿದ ಕೆಲಸ ಗುಟ್ಟಿನದು. ಅವರೇ ಇನ್ನೂ ಒಪ್ಪಿಕೊಳ್ಳದಿರುವಾಗ ನಾವೇಕೆ ಬಾಯಿಬಿಡಬೇಕು? ನಮ್ಮವರು ಅದನ್ನು ಹಿಮದ ನಾಡು ಎನ್ನುತ್ತಿದ್ದರು, ಅಷ್ಟು ಸಾಕು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಓಗಾಡೆನ್ ಬಯಲು ತನ್ನದೆಂದು ಅಡಿಸ್ ಅಬಾಬಾದಲ್ಲಿದ್ದ ಇಥಿಯೋಪಿಯಾ ಸರ್ಕಾರ ಹೇಳುತ್ತಿತ್ತು. ಅಲ್ಲಿರುವವರೆಲ್ಲ ಸೋಮಾಲಿಗಳು, ಹಾಗಾಗಿ ಬಯಲು ನಮ್ಮದು ಎಂದು ಗಡಿಯಾಚೆಯ ಸೋಮಾಲಿಯಾ ಹೇಳುತ್ತಿತ್ತು. ನಮ್ಮ ಒಂಟೆಗಳು ಎರಡೂ ಕಡೆ ಮೇಯುತ್ತಿದ್ದವು. ಬೆಟ್ಟಗಳ ನಡುವೆ ಒಂದಿಷ್ಟು ಜನ ಬಂದೂಕು ಹಿಡಿದು, ಇಥಿಯೋಪಿಯಾದಿಂದ ಬೇರೆಯಾಗಬೇಕೆಂದು ವಿಮೋಚನಾ ರಂಗ ಕಟ್ಟಿಕೊಂಡಿದ್ದರು. ಎಲ್ಲೋ ದೂರದಲ್ಲಿ, ಓಗಾಡೆನ್ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದ ಒಂದು ಗುಪ್ತಚರ ಕಚೇರಿ, ಇವರಿಗೆ ಸದ್ದಿಲ್ಲದೆ ಸಹಾಯ ಮಾಡುವುದು ಒಳ್ಳೆಯದೆಂದು ತೀರ್ಮಾನಿಸಿತು.

ಒಂದು ದಿನ ಬೆಳಿಗ್ಗೆ ರಂಗದ ದಳಪತಿ ಬಿಹಿ ಸಮತರ್ ಅಂಗಡಿಗೆ ಬಂದ. ತೆಳ್ಳಗೆ, ಉದ್ದಕ್ಕೆ, ಸದಾ ಏನನ್ನೋ ಅಗಿಯುತ್ತಿರುವ ಮನುಷ್ಯ. ಚಾಪೆಯ ಮೇಲೆ ಆಗ ಹನ್ನೊಂದು ಜನ ಗಿರಾಕಿಗಳಿದ್ದರು.

"ಕೋಶಿನಣ್ಣ, ಹಿಮದ ನಾಡಿನವರ ಭಾಷೆ ನಿಂಗೆ ಬರತ್ತಂತಲ್ಲ, ಹೌದಾ?"

ಹನ್ನೊಂದು ಜೊತೆ ಕಣ್ಣು ಅವನ ಕಡೆ ತಿರುಗಿದವು.

"ಬರತ್ತಾ ಅಂತ ಕೇಳ್ತೀಯಲ್ಲ ಮಾರಾಯ. ನಂಗೆ ಕನಸು ಬೀಳೋದೇ ಆ ಭಾಷೇಲಿ," ಎಂದ ಕೋಶಿನ್.

ಅಂಗಡಿಯ ಹಿಂದೆ ಹೆಂಡತಿ ಅಂಬರೊ ಕೆಮ್ಮಿದಳು. ಅದು ನೆಗಡಿಯ ಕೆಮ್ಮಲ್ಲವೆಂದು ಕೋಶಿನ್‌ಗೆ ಗೊತ್ತಾಯಿತು, ಆದರೆ ಮಾತು ಆಗಲೇ ಬಾಯಿಂದ ಹೊರಟುಹೋಗಿತ್ತು.

ಗಿರಾಕಿಗಳು ಎದ್ದುಹೋದ ಮೇಲೆ ಬಿಹಿ ವಿಷಯ ಬಿಚ್ಚಿದ. ಹಿಮದ ನಾಡಿನಿಂದ ತರಬೇತುದಾರನೊಬ್ಬ ಗುಟ್ಟಾಗಿ ಬಂದಿದ್ದಾನೆ. ಆಯುಧದ ಪೆಟ್ಟಿಗೆಗಳನ್ನು ತಂದಿದ್ದಾನೆ. ಅವನ ಜೊತೆ ಒಬ್ಬ ದುಭಾಷಿಯೂ ಹೊರಟಿದ್ದ.

"ದಾರೀಲಿ ಒಂಟೆ ಮೇಲಿಂದ ಬಿದ್ದು ಸೊಂಟ ಮುರಕೊಂಡ. ಕರಾವಳಿಗೆ ವಾಪಸ್ ಹೊತ್ಕೊಂಡು ಹೋದ್ರು. ಈಗ ಆ ಮನುಷ್ಯ ಮೂರು ದಿನದಿಂದ ಮಾತಾಡ್ತಾನೇ ಇದಾನೆ, ನಾವು ತಲೆ ಆಡಿಸ್ತಾನೇ ಇದೀವಿ. ನಂಗೆ ಕತ್ತು ಹಿಡ್ಕೊಂಡಿದೆ. ನಾಳೆ ಹೊರಡು."

ಬಿಹಿ ಹೋದ ಮೇಲೆ ಅಂಬರೊ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಿಂಗೆ ಬರೋದು ಈರುಳ್ಳಿ ಒಂದೇ ಅಲ್ವಾ?"

"ಉಪ್ಪೂ ಬರತ್ತೆ."

"ಒಳ್ಳೇದಾಯ್ತು ಬಿಡು. ನಿನ್ನ ಹೆಣ ಮನೆಗೆ ಬಂದಾಗ ಉಪ್ಪು ಹಾಕಿ ಇಡ್ತೀನಿ, ಕೆಡಲ್ಲ."

"ಬರಲ್ಲ ಅಂತ ಈಗ ಹೇಗೆ ಹೇಳ್ಲಿ? ಹನ್ನೊಂದು ಜನ ಕೇಳಿಸ್ಕೊಂಡಿದಾರೆ."

ಅಂಬರೊ ಒಳಗೆ ಹೋದಳು. ತುಪ್ಪದಲ್ಲಿ ಹುರಿದ ಒಣಮಾಂಸ ಒಂದು ಡಬ್ಬಿ, ಖರ್ಜೂರ ಒಂದು ಗಂಟು ಕಟ್ಟಿಕೊಟ್ಟಳು. ಕೋಶಿನ್ ಒಂಟೆ ಹತ್ತಿದ. ಎರಡು ದಿನದ ದಾರಿಯುದ್ದಕ್ಕೂ ಅರವತ್ತು ಪದಗಳನ್ನು ಬೆರಳು ಮಡಿಸಿ ಎಣಿಸಿದ. ಐವತ್ತೆಂಟೇ ಸಿಕ್ಕವು.

ಒಣಗಿದ ಹಳ್ಳದ ದಂಡೆಯಲ್ಲಿ, ಮುಳ್ಳುಮರಗಳ ನೆರಳಿನಲ್ಲಿ ಬಿಡಾರ. ಇಪ್ಪತ್ತಮೂರು ಜನ ಯೋಧರು. ಅವರ ನಡುವೆ ಬಿಸಿಲಿಗೆ ಕಿವಿಗಳೆರಡೂ ಕೆಂಡದಂತಾಗಿದ್ದ ಒಬ್ಬ ದಪ್ಪ ಮನುಷ್ಯ. ಅವನ ನಿಜವಾದ ಹೆಸರಿನಲ್ಲಿ ಏಳು ವ್ಯಂಜನಗಳು ಒಟ್ಟಿಗೆ ಬರುತ್ತಿದ್ದವಾದ್ದರಿಂದ ಎಲ್ಲರೂ ಕೆಂಗಿವಿ ಎಂದೇ ಕರೆಯುತ್ತಿದ್ದರು. ಒಂಟೆ ಹತ್ತಿರ ಬಂದರೆ ಅವನಿಗೆ ಸೀನು ಹತ್ತುತ್ತಿತ್ತು. ಬಿಡಾರದಲ್ಲಿ ಮೂವತ್ತು ಒಂಟೆಗಳಿದ್ದವು.

ಕೋಶಿನ್‌ನನ್ನು ಕಂಡ ಕೂಡಲೇ ಕೆಂಗಿವಿ ಅವನ ಎರಡೂ ಕೈ ಹಿಡಿದುಕೊಂಡು ಒಂದೇ ಉಸಿರಿಗೆ ಅರ್ಧ ಗಂಟೆ ಮಾತನಾಡಿದ. ಕೋಶಿನ್ ಕಣ್ಣು ಮುಚ್ಚಿ, ಗಂಭೀರವಾಗಿ ಆಲಿಸಿದ. ಆ ಪ್ರವಾಹದಲ್ಲಿ ಅವನಿಗೆ ಸಿಕ್ಕಿದ್ದು ಎರಡೇ ಪದ: 'ನೀರು' ಮತ್ತು 'ಬೇಗ'.

"ಏನಂತೆ?" ಬಿಹಿ ಕೇಳಿದ.

"ನಿಮ್ಮಂಥ ಧೀರರ ನಡುವೆ ಇರೋದು ತನ್ನ ಪುಣ್ಯ ಅಂತಿದಾನೆ. ಆಮೇಲೆ ಸ್ವಲ್ಪ ನೀರು ಬೇಕಂತೆ, ಬೇಗ."

ನೀರು ತಂದುಕೊಟ್ಟರು. ಕೆಂಗಿವಿ ಗಟಗಟನೆ ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಕೋಶಿನ್‌ನನ್ನು ಅಪ್ಪಿಕೊಂಡ. ನೋಡಿದವರಿಗೆಲ್ಲ ಇವನ ಪಾಂಡಿತ್ಯದ ಬಗ್ಗೆ ಇದ್ದ ಅನುಮಾನ ಹೋಯಿತು.

ಮರುದಿನ ಪಾಠ ಶುರುವಾಯಿತು. ಕೆಂಗಿವಿ ಪೆಟ್ಟಿಗೆಯಿಂದ ಒಂದು ನೆಲಬಾಂಬು ತೆಗೆದ. ಅಗಲವಾಗಿ, ಚಪ್ಪಟೆಯಾಗಿ, ಥೇಟ್ ಪಾತ್ರೆಯ ಹಾಗೇ ಇತ್ತು. ಅದನ್ನು ತೋರಿಸುತ್ತ ಅವನು ಹೇಳಿದ್ದರಲ್ಲಿ 'ಮುಚ್ಚಳ' ಎಂದಿದ್ದು ಕೇಳಿಸಿತು, 'ಮುಟ್ಟಬೇಡ' ಎಂದಿದ್ದೂ ಕೇಳಿಸಿತು.

"ಇದರ ಮುಚ್ಚಳ ಮುಟ್ಟಬಾರದು," ಎಂದ ಕೋಶಿನ್. "ಯಾವ ಕಾರಣಕ್ಕೂ ಮುಟ್ಟಬಾರದು. ಹಾಗೇ ಹೂಳಬೇಕು."

"ಅಷ್ಟೇನಾ? ಅವನು ತುಂಬ ಹೊತ್ತು ಹೇಳಿದ್ನಲ್ಲ," ಎಂದ ಬಿಹಿ.

"ಅವರ ಭಾಷೇನೇ ಹಾಗೆ. ಚಳಿ ದೇಶ ನೋಡು. ಮಾತು ಬಿಸಿಯಾಗೋಕೆ ಹೊತ್ತು ಹಿಡಿಯತ್ತೆ."

ಒಬ್ಬ ಯೋಧ ಬಂದೂಕನ್ನು ತಲೆಕೆಳಗಾಗಿ ಹಿಡಿದಾಗ ಕೆಂಗಿವಿ ಸಿಟ್ಟಿನಿಂದ ಕಿರುಚಿದ. ಆ ಪದ ಕೋಶಿನ್‌ಗೆ ಚಿರಪರಿಚಿತ. ಐದರಲ್ಲಿ ಮೂರನೆಯ 'ಮೂರ್ಖ'.

"ನಿನ್ನನ್ನ ಸಿಂಹದ ಮರಿ ಅಂತಿದಾನೆ," ಎಂದ ಕೋಶಿನ್. ಯೋಧ ಎದೆಯುಬ್ಬಿಸಿದ. ಅವತ್ತಿನಿಂದ ಕೆಂಗಿವಿಯಿಂದ ಬೈಸಿಕೊಳ್ಳಲು ಪೈಪೋಟಿಯೇ ನಡೆಯಿತು.

ಕಷ್ಟವಿದ್ದದ್ದು ಆ ಕಡೆಯಿಂದ ಈ ಕಡೆಗಲ್ಲ, ಈ ಕಡೆಯಿಂದ ಆ ಕಡೆಗೆ. ಬಿಹಿ ಪ್ರಶ್ನೆ ಕೇಳುವವನು. "ಸೈನ್ಯದ ಠಾಣೆಗೆ ಕಾವಲು ಜಾಸ್ತಿಯಾಗಿದೆ, ಯಾವ ದಿಕ್ಕಿಂದ ನುಗ್ಗೋದು ಒಳ್ಳೇದು ಕೇಳು," ಎಂದ ಒಮ್ಮೆ. ಕೋಶಿನ್ ಗಂಟಲು ಸರಿಮಾಡಿಕೊಂಡು ಕೆಂಗಿವಿಯ ಭಾಷೆಯಲ್ಲಿ ಹೇಳಿದ: "ದೊಡ್ಡ ಪಾತ್ರೆ. ಮುಚ್ಚಳ ತುಂಬ. ಈರುಳ್ಳಿ ಎಲ್ಲಿ ಹಾಕು?"

ಕೆಂಗಿವಿ ಅವನನ್ನು ದಿಟ್ಟಿಸಿ ನೋಡಿದ. ಆಮೇಲೆ ಕೆಂಗಿವಿಯ ಮುಖ ಮೆಲ್ಲಗೆ ಅರಳಿತು. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಆ ಮೂರು ವಾಕ್ಯಗಳನ್ನು ಬರೆದುಕೊಂಡ. 'ಪಾತ್ರೆ' ಎಂಬುದರ ಕೆಳಗೆ ಎರಡು ಗೆರೆ ಎಳೆದ. ಅಂದಿನಿಂದ ಕೋಶಿನ್ ಬಾಯಿ ತೆರೆದಾಗಲೆಲ್ಲ ಆ ಪುಸ್ತಕ ಹೊರಗೆ ಬರುತ್ತಿತ್ತು. ನನ್ನ ತಪ್ಪುಗಳನ್ನೆಲ್ಲ ಪಟ್ಟಿ ಮಾಡುತ್ತಿದ್ದಾನೆ, ಒಂದು ದಿನ ಎಲ್ಲ ಒಟ್ಟಿಗೆ ಓದುತ್ತಾನೆ ಎಂದು ಕೋಶಿನ್ ಹೆದರಿದ. ಅವನಿಗೆ ಊಟ ಸೇರದಾಯಿತು. ಹಾಗೆಂದು ತಿನ್ನುವುದನ್ನು ಬಿಡಲಿಲ್ಲ, ರುಚಿ ಹತ್ತುತ್ತಿರಲಿಲ್ಲ ಅಷ್ಟೆ.

ಮೊದಲ ಕಾರ್ಯಾಚರಣೆಗೆ ದಿನ ಗೊತ್ತಾಯಿತು. ಠಾಣೆಯ ಲಾರಿ ಓಡಾಡುವ ರಸ್ತೆಯಲ್ಲಿ ನೆಲಬಾಂಬು ಹೂತು ಎಲ್ಲರೂ ದಿಬ್ಬದ ಹಿಂದೆ ಮಲಗಿದರು. ಲಾರಿ ಬಂತು. ಬಾಂಬಿನ ಮೇಲೇ ಹಾದು ಹೋಯಿತು. ಏನೂ ಆಗಲಿಲ್ಲ. ಸಾಮಾನು ಇಳಿಸಿ ವಾಪಸ್ ಬಂತು, ಮತ್ತೆ ಅದರ ಮೇಲೇ ಹೋಯಿತು. ಮಧ್ಯಾಹ್ನ ಒಂದು ಆಡು ಬಂದು ಆ ಜಾಗದಲ್ಲಿ ಮಲಗಿ ಮೆಲುಕು ಹಾಕಿತು.

ಬಿಹಿ ಅಗಿಯುವುದನ್ನು ನಿಲ್ಲಿಸಿದ. "ಕೇಳು ಅವನ್ನ. ಯಾಕೆ ಸಿಡೀಲಿಲ್ಲ?"

ಕೋಶಿನ್ ಹೇಳಿದ: "ಪಾತ್ರೆ ತಣ್ಣಗೆ. ಬೆಂಕಿ ಇಲ್ಲ."

ಕೆಂಗಿವಿ ತಲೆ ಚಚ್ಚಿಕೊಂಡು 'ಮುಚ್ಚಳ, ಮುಚ್ಚಳ' ಎಂದು ಕೂಗಿದ. ಹೂಳುವ ಮುನ್ನ ಮುಚ್ಚಳದ ಕೀಲು ತೆಗೆಯಬೇಕಿತ್ತು. 'ಕೀಲು ತೆಗೆದ ಮೇಲೆ ಮುಚ್ಚಳ ಮುಟ್ಟಬೇಡಿ' ಎಂಬ ಮಾತಿನಲ್ಲಿ ಕೋಶಿನ್‌ಗೆ ಸಿಕ್ಕಿದ್ದು ಬಾಲದ ತುಂಡು ಒಂದೇ. ಈಗಲೂ ಅವನಿಗೆ ಅದು ತಿಳಿಯಲಿಲ್ಲ.

"ಹಿಮದಲ್ಲಿ ಸಿಡಿಯೋ ಸಾಮಾನಂತೆ ಇದು," ಎಂದ ಬಿಹಿಗೆ. "ನಮ್ಮ ಬಿಸಿಲಿಗೆ ನಿದ್ದೆ ಹೋಗಿಬಿಡತ್ತಂತೆ."

ಬಿಹಿ ರಸ್ತೆಯ ಕಡೆ ನೋಡಿದ. "ಆ ಆಡೂ ಹಾಗೇ ಮಲಗಿದೆ," ಎಂದು ಒಪ್ಪಿಕೊಂಡ.

ಇಷ್ಟೆಲ್ಲದರ ನಡುವೆ ಕೆಂಗಿವಿಗೆ ನ್ಯಾಯವಂತನೆಂಬ ಹೆಸರು ಬಂದದ್ದು ಹೇಗೆಂಬುದು ಬೇರೆಯೇ ಕಥೆ. ಹತ್ತಿರದಲ್ಲಿ ಹಟ್ಟಿ ಹಾಕಿದ್ದ ದುವಾಲೆ ಅಜ್ಜನ ಮುದಿ ಒಂಟೆ, ಪಕ್ಕದ ರೂಬ್ಲೆಯ ಚಾಪೆಗುಡಿಸಲಿನ ಮೇಲೆ ಕುಳಿತುಬಿಟ್ಟಿತು. ಗುಡಿಸಲು ಚಪ್ಪಟೆಯಾಯಿತು. ಎರಡು ದಿನ ಒಂಟೆ ಆ ಜಾಗ ಬಿಡಲಿಲ್ಲ. ಆ ಎರಡು ದಿನ ರೂಬ್ಲೆ ಅದರ ಹಾಲು ಕರೆದು ಕುಡಿದ. ನನ್ನ ಹಾಲು ಕೊಡು ಎಂದು ಅಜ್ಜ, ನನ್ನ ಗುಡಿಸಲು ಕೊಡು ಎಂದು ರೂಬ್ಲೆ. ಹಿರಿಯರೆಲ್ಲ ಯಾರಾದರೊಬ್ಬರ ನೆಂಟರು. ಯಾರ ನೆಂಟನೂ ಅಲ್ಲದವನು ಇಡೀ ಬಯಲಿನಲ್ಲಿ ಕೆಂಗಿವಿ ಒಬ್ಬನೇ ಎಂದು ಯಾರಿಗೋ ಹೊಳೆದು, ಇಬ್ಬರೂ ಒಂಟೆಯನ್ನೂ ಎಳೆದುಕೊಂಡು ಬಿಡಾರಕ್ಕೆ ಬಂದರು.

ಕೋಶಿನ್ ಕೆಂಗಿವಿಯ ಕಡೆ ತಿರುಗಿ, "ಹಾಲು. ಯಾರು?" ಎಂದ. ಕೆಂಗಿವಿ ಒಂಟೆ ಕಂಡು ನಾಲ್ಕು ಸಲ ಸೀನಿ, ಬೂಟು ಬಿಚ್ಚಿ, ಹಿಮ್ಮಡಿಯನ್ನು ತೋರಿಸುತ್ತ ಏನೇನೋ ಹೇಳಿಕೊಂಡ. ಕೋಶಿನ್‌ಗೆ ಒಂದು ಪದವೂ ಸಿಗಲಿಲ್ಲ. ಆದರೆ ಇಷ್ಟು ಜನ ಕಾಯುತ್ತಿರುವಾಗ ಸುಮ್ಮನಿರುವುದು ಅವನ ಜಾಯಮಾನವಲ್ಲ.

"ಕೇಳಿ," ಎಂದ. "ಒಂಟೆ ಕೂತಿದ್ದಷ್ಟು ಹೊತ್ತು ಅದು ರೂಬ್ಲೆ ಮನೆಗೆ ಬಂದ ಅತಿಥಿ. ಅತಿಥಿ ಹತ್ರ ಹಾಲು ಕರಕೊಂಡಿದ್ದು ರೂಬ್ಲೆ ತಪ್ಪು. ಕರೀದೇ ಬಂದು ಅತಿಥಿ ಆಗಿದ್ದು ಒಂಟೆ ತಪ್ಪು. ಒಂಟೆಗೆ ಬುದ್ಧಿ ಹೇಳದೇ ಇದ್ದಿದ್ದು ಅಜ್ಜನ ತಪ್ಪು. ಮೂರೂ ಜನ ಸೇರಿ ಗುಡಿಸಲು ಕಟ್ಟಿ. ಕೋಲು ಹೊರೋದು ಒಂಟೆ."

ಕೇಳಿದವರು ಒಂಟೆಯನ್ನೊಮ್ಮೆ, ರೂಬ್ಲೆಯನ್ನೊಮ್ಮೆ ನೋಡಿದರು. ಆಮೇಲೆ ದುವಾಲೆ ಅಜ್ಜ, "ಕಾಫಿರನಾದ್ರೂ ತಲೆ ಇದೆ ಮುಂಡೇದಕ್ಕೆ," ಎಂದು ಗಡ್ಡ ನೀವಿಕೊಂಡ. ಗುಡಿಸಲು ಎದ್ದು ನಿಂತಿತು. ಸುದ್ದಿ ಹಬ್ಬಿತು. ವಾರಕ್ಕೆ ಒಂದೆರಡು ವ್ಯಾಜ್ಯ ಬರತೊಡಗಿದವು. ಕೆಂಗಿವಿ ಸೀನುತ್ತಿದ್ದ, ಕೋಶಿನ್ ತೀರ್ಪು ಕೊಡುತ್ತಿದ್ದ. ಎಲ್ಲ ಕಡೆಯಿಂದ ಹಾಲು, ತುಪ್ಪ ಬಂದು ಬೀಳುತ್ತಿತ್ತು.

ಎರಡನೆಯ ತಿಂಗಳಲ್ಲಿ ಅಂಬರೊ ಚಹಾದ ಕೆಟಲು, ಲೋಟ, ಚಾಪೆ ಎಲ್ಲ ಕಟ್ಟಿಕೊಂಡು ಬಿಡಾರಕ್ಕೇ ಬಂದುಬಿಟ್ಟಳು.

"ಇಲ್ಲಿ ಯಾಕೆ ಬಂದೆ? ಇದು ಗುಪ್ತ ಜಾಗ," ಎಂದ ಕೋಶಿನ್.

"ಗುಪ್ತ ಜಾಗ ಎಲ್ಲಿ ಅಂತ ಮೂರು ಜನರನ್ನ ಕೇಳ್ದೆ, ಮೂವರೂ ಕೈ ತೋರಿಸಿದ್ರು. ಗಿರಾಕಿಗಳೆಲ್ಲ ನ್ಯಾಯ ಕೇಳೋಕೆ ಅಂತ ಇಲ್ಲೇ ಬರ್ತಿದಾರೆ. ನಾನೇನು ಬಾವಿ ಹತ್ರ ಒಬ್ಬಳೇ ಕೂತು ನೊಣ ಹೊಡೀಲಾ?"

ಅವಳು ಮರದ ಕೆಳಗೆ ಒಲೆ ಹೂಡಿದಳು. ಕೆಂಗಿವಿಗೆ ಅವಳ ಚಹಾ, ಹುಳಿದೋಸೆ ಬಹಳ ಹಿಡಿಸಿದವು. ಬೆಳಿಗ್ಗೆ ಎದ್ದವನೇ ಅವಳ ನೀರಿನ ಡಬ್ಬಿ ಹೊತ್ತು ತರುವುದು, ಸೌದೆ ಒಡೆಯುವುದು, ಒಲೆಯ ಪಕ್ಕ ಕುಳಿತು ಅವಳು ಯೋಧರಿಗೂ ಒಂಟೆಗಳಿಗೂ ಬೈಯುವುದನ್ನು ಕೇಳುವುದು. ಪಾಪ, ಮನೆ ನೆನಪಾಗಿರಬೇಕು ಎಂದುಕೊಂಡು ಕೋಶಿನ್ ಆ ಕಡೆ ಗಮನವನ್ನೇ ಕೊಡಲಿಲ್ಲ.

ಐದನೆಯ ತಿಂಗಳಲ್ಲಿ ಬಿಹಿ ದೊಡ್ಡ ದಾಳಿಗೆ ಮನಸ್ಸು ಮಾಡಿದ. "ಹನ್ನೆರಡು ದೊಡ್ಡ ಫಿರಂಗಿಕೊಳವೆ ಬೇಕು. ನಲವತ್ತು ಪೆಟ್ಟಿಗೆ ಕೈಬಾಂಬು ಬೇಕು. ಅವನ ರೇಡಿಯೋದಲ್ಲಿ ಕಚೇರಿಗೆ ಹೇಳೋಕೆ ಹೇಳು. ಒಂದಕ್ಷರ ತಪ್ಪಬಾರದು."

ಕೋಶಿನ್ ತನ್ನ ಬಳಿ ಇದ್ದ ಪದಗಳಲ್ಲಿ ಆದಷ್ಟು ಹೊಂದುವುದನ್ನು ಹುಡುಕಿದ. ಉದ್ದಕ್ಕೆ, ಟೊಳ್ಳಾಗಿ ಇರುವುದು ದೊಡ್ಡ ಪಾತ್ರೆ. ಕೈಯಲ್ಲಿ ಹಿಡಿಯುವಷ್ಟು ದುಂಡಗೆ ಇರುವುದು ಈರುಳ್ಳಿ. "ದೊಡ್ಡ ಪಾತ್ರೆ ಹನ್ನೆರಡು. ಈರುಳ್ಳಿ ನಲವತ್ತು ಮೂಟೆ. ಬೇಗ."

ಕೆಂಗಿವಿಯ ತುಟಿಯ ಅಂಚು ಒಂದಿಷ್ಟು ಅದುರಿದಂತೆ ಕಂಡಿತು. ಏನೂ ಹೇಳದೆ ರೇಡಿಯೋದ ಮುಂದೆ ಕುಳಿತು, ಅಕ್ಷರಕ್ಕಕ್ಷರ ಅದನ್ನೇ ಕಳಿಸಿದ.

ಒಂದೂವರೆ ತಿಂಗಳ ಮೇಲೆ ಒಂದು ಬೆಳಿಗ್ಗೆ ಕರಾವಳಿಯ ಕಡೆಯಿಂದ ಒಂಟೆಸಾಲು ಬಂತು. ಬಿಡಾರವೆಲ್ಲ ಸೇರಿತು, ಹಟ್ಟಿಯವರೂ ಬಂದರು. ಒಂಟೆಸಾಲಿನ ಮುಖಂಡ ನೆಲಕ್ಕೆ ಕುಕ್ಕರಿಸಿ, "ದಾರೀಲಿ ಸೈನ್ಯದವರು ಹಿಡಿದ್ರು," ಎಂದ. ಎಲ್ಲರೂ ಬೆಚ್ಚಿದರು. "ಒಂದು ಪೆಟ್ಟಿಗೆ ಬಿಚ್ಚಿ ನೋಡಿದ್ರು. ನಕ್ಕರು. ಒಂದು ಮೂಟೆ ಇಟ್ಕೊಂಡು ಬಿಟ್ಬಿಟ್ರು. ಅವರ ಅಡುಗೆಯವನು ನಂಗೆ ಕೈ ಮುಗಿದ."

"ಕೈ ಯಾಕೆ ಮುಗಿದ?" ಎನ್ನುತ್ತ ಬಿಹಿ ಮೊದಲ ಪೆಟ್ಟಿಗೆಯ ಹಲಗೆ ಕಿತ್ತ. ಒಳಗೆ ನೂರು ಜನಕ್ಕೆ ಅನ್ನ ಬೇಯಿಸುವಂಥ ಹೊಚ್ಚಹೊಸ ಪಾತ್ರೆ, ಮುಚ್ಚಳ ಸಮೇತ. ಎರಡನೆಯದರಲ್ಲಿ ಮೂಟೆ. ಕತ್ತಿಯಿಂದ ಕೊಯ್ದು ಕೈಹಾಕಿ ಒಂದನ್ನು ಹೊರಗೆ ತೆಗೆದ. ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದರ ಕೀಲು ಎಲ್ಲಿದೆ?"

ಬಿಹಿ ಅದನ್ನು ಮೂಸಿದ. ಆಮೇಲೆ ಬಹಳ ಮೆಲ್ಲಗೆ ಹೇಳಿದ: "ಕೋಶಿನಣ್ಣ. ಕೇಳು ಅವನ್ನ. ಇದೇನು ಅಂತ ಕೇಳು."

ಕೋಶಿನ್‌ನ ಕೈ ಮೂಟೆಯ ಕಡೆ ಚಾಚಿತು. "ಈರುಳ್ಳಿ," ಎಂದ ಕೆಂಗಿವಿಗೆ. "ಯಾಕೆ?"

ಕೆಂಗಿವಿ ಬಿಹಿಯ ಕಡೆ ತಿರುಗಿ, ಅಚ್ಚ ಸೋಮಾಲಿಯಲ್ಲಿ ಹೇಳಿದ: "ಅಯ್ಯೋ ನಿನ್ನ ಮನೆ ಚೆನ್ನಾಗಿರ, ಈರುಳ್ಳಿ ಕೇಳಿದ್ವಿ ಕಣಪ್ಪ, ಈರುಳ್ಳಿ ಬಂತು. ಅದಕ್ಕ್ಯಾಕೆ ಮುಖ ಹೀಗೆ ಹುಳ್ಳಗೆ ಮಾಡ್ಕೊಂಡಿದೀಯ?"

ಅವನು ಮಾತಾಡಿದ್ದು ಒಂದು ಬೆರಗಾದರೆ, ಹೇಳಿದ ರೀತಿ ಇನ್ನೊಂದು. ಆ ರಾಗ, ಆ ಲೊಚಗುಟ್ಟುವಿಕೆ, ಸೊಂಟದ ಮೇಲಿಟ್ಟ ಕೈ. ಮೀಸೆ ಬಿಟ್ಟ ಅಂಬರೊ ಎದುರಿಗೆ ನಿಂತಂತಿತ್ತು. ಎಲ್ಲರೂ ಒಟ್ಟಿಗೆ ಮರದ ಕಡೆ ತಿರುಗಿದರು. ಅಂಬರೊ ಚಹಾ ಸೋಸುತ್ತಿದ್ದಳು.

"ನೀನಾ ಕಲಿಸಿದ್ದು?" ಎಂದ ಕೋಶಿನ್.

"ಒಂದು ಡಬ್ಬಿ ನೀರಿಗೆ ಹತ್ತು ಪದ," ಎಂದಳು ಅವಳು. "ಕೆಲಸಗಾರ. ಮನೇಲಿ ಒಬ್ಬರಿಗಾದ್ರೂ ಎರಡು ಭಾಷೆ ಬರೋರ ಪರಿಚಯ ಇರ್ಲಿ ಅಂತ."

ಬಿಹಿ ಬಂದೂಕಿಗೆ ಕೈ ಹಾಕಿದ. ಆಗ ದುವಾಲೆ ಅಜ್ಜ ಕೋಲೆತ್ತಿ, ವಿಚಾರಣೆ ಇಲ್ಲದೆ ಯಾರನ್ನೂ ಹೊಡೆಯುವ ಪದ್ಧತಿ ಇಲ್ಲ ಎಂದ. ಎಲ್ಲರೂ ಮರದ ಕೆಳಗೆ ಕುಳಿತರು. ಕೋಶಿನ್‌ನನ್ನು ನಡುವೆ ಕೂರಿಸಿದರು.

"ಆರೂವರೆ ತಿಂಗಳು ನಮ್ಮನ್ನ ಕುರಿ ಮಾಡಿದ," ಎಂದ ಬಿಹಿ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. "ಕೆಂಗಿವಿ ನನ್ನನ್ನ ಸಿಂಹಗಳ ಸಿಂಹ ಅಂತ ಕರೆದನಂತೆ ಅಂದಿದ್ದ. ನಾನು ಅದನ್ನ ನಮ್ಮಮ್ಮಂಗೆ ಹೇಳಿ ಕಳ್ಸಿದ್ದೆ."

ಅಜ್ಜ ಕೆಂಗಿವಿಯನ್ನು ಕೇಳಿದ: "ಆ ಒಂಟೆ ಗುಡಿಸಲ ಮೇಲೆ ಕೂತ ದಿನ ನೀನು ಹೇಳಿದ್ದೇನಪ್ಪ?"

"ಹಿಮ್ಮಡೀಲಿ ಬೊಬ್ಬೆ ಎದ್ದಿದೆ, ಮುಲಾಮು ಇದೆಯಾ ಅಂತ ಕೇಳಿದ್ದೆ ಅಜ್ಜ."

"ಹಾಗಾದ್ರೆ ನ್ಯಾಯ ಹೇಳಿದ್ದು?"

"ಕೋಶಿನೇ. ಆಮೇಲಿನ ಮೂವತ್ತೊಂದೂ ಅವನದ್ದೇ."

ಸಭೆಯಲ್ಲಿ ಗುಸುಗುಸು ಎದ್ದಿತು. ರೂಬ್ಲೆ ಎದ್ದು ನಿಂತ. "ನಂದೊಂದು ಮಾತು. ಕೋಶಿನ್ ಮೋಸಗಾರ ಅಂತ ಇವತ್ತು ತೀರ್ಮಾನ ಆದ್ರೆ, ಅವನು ಹೇಳಿದ ನ್ಯಾಯ ನಿಲ್ಲತ್ತಾ? ನಿಲ್ಲಲ್ಲ. ಹಾಗಾದ್ರೆ ನನ್ನ ಗುಡಿಸಲು ಬಿಚ್ಚಬೇಕು, ಆ ಒಂಟೇನ ಮತ್ತೆ ತಂದು ಕೂರಿಸ್ಬೇಕು, ಮೊದಲಿಂದ ಶುರು ಮಾಡ್ಬೇಕು. ನಾನಂತೂ ಒಪ್ಪಲ್ಲ."

ಅವನ ಹಿಂದೆ ಇನ್ನೂ ಹತ್ತು ಹದಿನೈದು ಜನ ಎದ್ದರು. ಒಬ್ಬನ ಮದುವೆಯೇ ಕೋಶಿನ್‌ನ ತೀರ್ಪಿನ ಮೇಲೆ ನಿಂತಿತ್ತು, ಹೆಂಡತಿ ಆಗಲೇ ಬಸುರಿ. ಇನ್ನೊಬ್ಬನ ಬಾವಿಯ ಪಾಳಿ. ಮತ್ತೊಬ್ಬನಿಗೆ ಅತ್ತೆಯ ಜೊತೆ ಹದಿನಾಲ್ಕು ವರ್ಷದ ಜಗಳ ಮುಗಿದಿತ್ತು. ಅದನ್ನು ಮತ್ತೆ ಶುರು ಮಾಡುವುದಾದರೆ ತನ್ನನ್ನೇ ಮೊದಲು ಗುಂಡಿಟ್ಟು ಕೊಲ್ಲಿ ಎಂದ.

ಬಿಹಿ ಬಂದೂಕನ್ನು ಕೆಳಗಿಟ್ಟ. ಕೋಶಿನ್ ತಪ್ಪಿತಸ್ಥನೂ ಹೌದು, ತೀರ್ಪುಗಾರನೂ ಹೌದು, ಹಾಗಾಗಿ ಅವನಿಗೇನು ಶಿಕ್ಷೆಯೆಂದು ಅವನೇ ಹೇಳಲಿ ಎಂದು ಅಜ್ಜ ನಿರ್ಧರಿಸಿದ. ಕೋಶಿನ್ ಬದುಕಿನಲ್ಲಿ ಮೊದಲ ಬಾರಿಗೆ ನೀರು ಬೆರೆಸದೆ ಮಾತಾಡಿದ.

"ನಂಗೆ ಆ ಭಾಷೆ ಬರಲ್ಲ. ಹಡಗಲ್ಲಿ ಈರುಳ್ಳಿ ಸುಲೀತಿದ್ದೆ. ಇಲ್ಲಿ ಮೂವತ್ತೊಂಬತ್ತು ಮೂಟೆ ಇದೆ. ಮುಗಿಯೋವರೆಗೂ ನಾನೇ ಸುಲಿದು ಅಡುಗೆ ಮಾಡಿ ಬಡಿಸ್ತೀನಿ."

ಅಂಬರೊ ಆ ಕಡೆಯಿಂದ, "ಅಡುಗೆ ಮಾತ್ರ ನಿಜವಾಗ್ಲೂ ಚೆನ್ನಾಗಿ ಮಾಡ್ತಾನೆ," ಎಂದು ಸಾಕ್ಷಿ ನುಡಿದಳು.

ಮರುದಿನದಿಂದ ಕೋಶಿನ್ ಹಳ್ಳದ ದಂಡೆಯಲ್ಲಿ ಕುಳಿತು ಸುಲಿಯತೊಡಗಿದ. ಕೆಂಗಿವಿಯೂ ಚಾಕು ಹಿಡಿದು ಪಕ್ಕ ಕುಳಿತ. ಈಗ ಇಬ್ಬರ ನಡುವೆ ಒಂದು ಭಾಷೆಯಿತ್ತು, 'ನಿನ್ನ ಪುಸ್ತಕದಲ್ಲಿ ಏನಿತ್ತು?' ಎಂದು ಕೋಶಿನ್ ಕೊನೆಗೂ ಕೇಳಬಹುದಾಯಿತು.

"ನೀನು ಮಾತಾಡೋದು ಗುಪ್ತಭಾಷೆ ಅಂದ್ಕೊಂಡೆ ಕಣೋ. ಠಾಣೆಗೆ ಪಾತ್ರೆ, ಕಾವಲಿಗೆ ಮುಚ್ಚಳ, ಬಾಂಬಿಗೆ ಈರುಳ್ಳಿ. ಎಂಥಾ ತಲೆ ಅಂತ ಬೆರಗಾಗಿ ಕಚೇರಿಗೆ ಬರೆದೆ. ಅಲ್ಲೂ ಬೆರಗಾದ್ರು. ಅದನ್ನ ಕಂಡುಹಿಡಿದಿದ್ದಕ್ಕೆ ನಂಗೊಂದು ಪದಕ ಕೊಟ್ರು."

"ಆಮೇಲೆ?"

"ಮೂರನೇ ತಿಂಗಳು ಅಂಬರೊ ಹತ್ರ ಕಲೀತಾ ಕಲೀತಾ ನಿನ್ನ ಬಂಡವಾಳ ಗೊತ್ತಾಯ್ತು. ಆದ್ರೆ ಪದಕ ಬಂದಾಗಿತ್ತಲ್ಲ, ಈಗ ನಿಂಗೆ ಭಾಷೆ ಬರಲ್ಲ ಅಂತ ಹೇಗೆ ಹೇಳ್ಲಿ?"

ಕೋಶಿನ್‌ಗೆ ಆ ಕಷ್ಟ ಚೆನ್ನಾಗಿ ಅರ್ಥವಾಯಿತು.

"ಹಾಗಾದ್ರೆ ಕಚೇರಿಯವರು ಈರುಳ್ಳೀನೇ ಯಾಕೆ ಕಳ್ಸಿದ್ರು?"

"ಅಲ್ಲಿಗೆ ಹೊಸ ಅಧಿಕಾರಿ ಬಂದ. ಗುಪ್ತಭಾಷೆ ವಿಷಯ ಅವನಿಗೆ ಯಾರೂ ಹೇಳಿಲ್ಲ. ಗುಪ್ತ ಅಲ್ವಾ, ಅದಕ್ಕೆ."

ಕೆಂಗಿವಿ ಇನ್ನೊಂದು ಸುಲಿದ. ನಂತರ, ತಾನು ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಕುಳಿತದ್ದಕ್ಕೆ ಪದಕ ಒಂದೇ ಕಾರಣವಲ್ಲ ಎಂದ. ಊರಿನಲ್ಲಿ ತನ್ನ ಹೆಂಡತಿ ಮಕ್ಕಳು ಕೂಡ ತನ್ನನ್ನು ಏನೂ ಕೇಳುವುದಿಲ್ಲ. ಇಲ್ಲಿ ಗಡ್ಡ ನೆರೆತವರು ಬಂದು ನ್ಯಾಯ ಕೇಳುತ್ತಿದ್ದರು. ಬರೀ ಸೀನಿದರೆ ಸಾಕಿತ್ತು, ಅಷ್ಟು ಗೌರವ ತನಗೆ ಎಲ್ಲೂ ಸಿಕ್ಕಿರಲಿಲ್ಲ.

ಎರಡು ತಿಂಗಳು ಈರುಳ್ಳಿ ನಡೆಯಿತು. ಮಾಂಸದ ಜೊತೆ, ಅನ್ನದ ಜೊತೆ, ದೋಸೆಯ ಜೊತೆ. ಯೋಧರು ಗಡಿಯಾಚೆಯಿಂದ ಬಂದರೂ ಈರುಳ್ಳಿಯ ವಾಸನೆ ಹೊತ್ತ ಗಾಳಿ ಮುಂಚಿತವಾಗಿ ಸುದ್ದಿ ಕೊಡುತ್ತಿತ್ತು. ಗುಪ್ತವಾಗಿ ಎಲ್ಲಿಗೂ ನುಗ್ಗುವಂತಿರಲಿಲ್ಲ. ಅಷ್ಟರಲ್ಲಿ ಮಳೆ ಬಿತ್ತು, ಹುಲ್ಲು ಚಿಗುರಿತು, ಒಬ್ಬೊಬ್ಬರಾಗಿ ತಮ್ಮ ಒಂಟೆಗಳ ಹಿಂದೆ ಹೊರಟರು. ಕೆಂಗಿವಿಗೆ ವಾಪಸ್ ಬರಲು ಕರೆ ಬಂತು. ಹೊರಡುವ ದಿನ ಅವನು ಅಂಬರೊಗೆ ನಮಸ್ಕರಿಸಿ ಒಂದು ಉದ್ದನೆಯ ಮಾತು ಹೇಳಿದ. ಅವಳು ಕೇಳಿಸಿಕೊಂಡು, ಅದರಲ್ಲಿದ್ದ ಎರಡು ತಪ್ಪು ತಿದ್ದಿ, ಮತ್ತೆ ಮೊದಲಿನಿಂದ ಹೇಳಿಸಿ ಕಳಿಸಿಕೊಟ್ಟಳು.

ಆರೇಳು ವರ್ಷದ ಮೇಲೆ ಆ ಬಯಲಿನಲ್ಲಿ ನಿಜವಾದ ಯುದ್ಧವೇ ನಡೆಯಿತು. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಕೋಶಿನ್ ಮತ್ತು ಅಂಬರೊ ಈ ನಡುವೆ ಹುಟ್ಟಿದ್ದ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಬುರಾವೊ ಪಟ್ಟಣ ಸೇರಿದರು. ದನದ ಸಂತೆಯ ಹತ್ತಿರ ಹೋಟೆಲು ಹಾಕಿದರು. ಹಳೆಯ ಕಡೆಯವರು ಅಲ್ಲಿಗೂ ವ್ಯಾಜ್ಯ ಹೊತ್ತು ಬರುತ್ತಿದ್ದರು, ಕೋಶಿನ್ ಅಡುಗೆ ಮಾಡುತ್ತಲೇ ತೀರ್ಪು ಕೊಡುತ್ತಿದ್ದ. ಹಡಗಿನ ಕಥೆ ಹೇಳುವುದನ್ನು ಮಾತ್ರ ಬಿಟ್ಟಿದ್ದ. ಯಾರಾದರೂ ಒತ್ತಾಯ ಮಾಡಿದರೆ ಹೇಳುತ್ತಿದ್ದ, ಬಂದರುಗಳು ಹದಿನಾರರಿಂದ ಒಂಬತ್ತಕ್ಕೆ ಇಳಿದಿದ್ದವು.

ಒಂದು ದಿನ ವಿದೇಶದಿಂದ ಅವನ ಹೆಸರಿಗೆ ಒಂದು ಕ್ಯಾಸೆಟ್ ಬಂತು. ಟೇಪಿಗೆ ಹಾಕಿದರೆ ಅಂಬರೊಳ ರಾಗದಲ್ಲಿ ಗಂಡಸಿನ ದನಿ. ಕೆಂಗಿವಿ ನಿವೃತ್ತನಾಗಿದ್ದ. ಅವನಿಗೆ ಪಕ್ಕದ ಮನೆಯವನ ಜೊತೆ ವ್ಯಾಜ್ಯ. ಚಳಿಗಾಲದಲ್ಲಿ ಆ ಮನುಷ್ಯ ತನ್ನ ಅಂಗಳದ ಹಿಮವನ್ನೆಲ್ಲ ತೋಡಿ ಇವನ ಬಾಗಿಲಿಗೆ ಒಟ್ಟುತ್ತಾನಂತೆ. ಕೋರ್ಟು ಕಚೇರಿ ಬೇಡ, ಕೋಶಿನ್ ಏನು ಹೇಳುತ್ತಾನೋ ಅದಕ್ಕೆ ಇಬ್ಬರೂ ಬದ್ಧ ಎಂದು ಒಪ್ಪಿಸಿದ್ದೇನೆ ಎಂದಿದ್ದ.

ಕೋಶಿನ್ ಹಿಮ ಕಂಡವನಲ್ಲ. ಮೂರು ದಿನ ಯೋಚಿಸಿದ. ಅಂಬರೊಳನ್ನು ಕೇಳಿದ. ಅದು ಆಕಾಶದಿಂದ ಬೀಳುವುದೇ, ಕಾಲಿಟ್ಟರೆ ಹೂತುಕೊಳ್ಳುವುದೇ ಎಂದು ಸಂತೆಯಲ್ಲಿ ನಾಲ್ಕು ಜನರನ್ನು ವಿಚಾರಿಸಿದ. ನಾಲ್ಕನೆಯ ದಿನ ಟೇಪಿನ ಮುಂದೆ ಕುಳಿತು ತೀರ್ಪು ಹೇಳಿದ: ಹಿಮ ಬಿದ್ದ ಕ್ಷಣದಿಂದ ಅದು ಅಂಗಳದ ಯಜಮಾನನ ಜಾನುವಾರು. ತನ್ನ ಜಾನುವಾರನ್ನು ಇನ್ನೊಬ್ಬರ ಬಾಗಿಲಿಗೆ ಅಟ್ಟಿದವನು ಅದು ಅಲ್ಲಿರುವಷ್ಟು ದಿನ ಆ ಮನೆಯವರಿಗೆ ದಿನಾ ಬೆಳಿಗ್ಗೆ ಚಹಾ ಕಾಯಿಸಿ ತಂದುಕೊಡಬೇಕು. ಏಲಕ್ಕಿ ಹಾಕುವುದು ಕಡ್ಡಾಯ ಎಂದು ಅಂಬರೊ ಪಕ್ಕದಿಂದ ಸೇರಿಸಿದಳು.

ಆರು ತಿಂಗಳ ಮೇಲೆ ಇನ್ನೊಂದು ಕ್ಯಾಸೆಟ್ ಬಂತು. ಪಕ್ಕದ ಮನೆಯವನು ತೀರ್ಪನ್ನು ಒಪ್ಪಿಕೊಂಡಿದ್ದ, ಆದರೆ ಅವನ ಚಹಾ ಬಾಯಿಗಿಡುವ ಹಾಗಿರಲಿಲ್ಲ. ಇದಕ್ಕೆ ಮೇಲ್ಮನವಿ ಸಲ್ಲಿಸಬಹುದೇ ಎಂದು ಕೆಂಗಿವಿ ಕೇಳಿದ್ದ.